ಕುದುರೆಯ ಗೊರಸಿಗೆ ಮೊಳೆ ನೆಟ್ಟಾಗ

ಕುದುರೆಯು ಹಠಾತ್ತನೆ ಕುಂಟಿದರೆ ಮೊದಲು ಗೊರಸಿನ ತಳವನ್ನು ನೋಡತಕ್ಕದ್ದು. ಮೊಳೆಯನ್ನು ಕೀಳಲೇಬೇಕಾದಲ್ಲಿ, ಅದು ಹೊಕ್ಕ ಸ್ಥಳವನ್ನೂ ಆಳವನ್ನೂ ಗುರುತಿಟ್ಟುಕೊಂಡು ಪಶುವೈದ್ಯರಿಗೆ ತಿಳಿಸಬೇಕು. ಧನುರ್ವಾಯುವು ಕುದುರೆಗೆ ಬಹು ಸುಲಭವಾಗಿ ತಗಲುವುದರಿಂದ ಚುಚ್ಚುಮದ್ದಿನ ವಿಷಯದಲ್ಲಿ ಒಂದು ದಿನವೂ ತಡಮಾಡಲಾಗದು.

ಗಾಯದ ಬಾಯಿಗೆ ಕೂಡಲೇ ಡಾಂಬರು ಮೆತ್ತುವ ರೂಢಿಯು ಬಲು ಕೆಟ್ಟದ್ದು. ಕೆಳಗೆ ದಾರಿ ಕಾಣದ ಕೀವು ಗೊರಸಿನೊಳಗೇ ಮೇಲೇರಿ, ರೋಮದಂಚಿನಲ್ಲಿ ಒಡೆಯುವುದು. ವೈದ್ಯರು ಬಿಡಿಸಿದ ರಂಧ್ರವು ಒಳಗಿನಿಂದ ಒಣಗಿ ಬರುವವರೆಗೂ ಕೀವಿಗೆ ದಾರಿಯಿರಬೇಕು. ಸಗಣಿ ಗಂಜಲಗಳು ಮಾತ್ರ ಸೋಕಬಾರದು. ಆದಕಾರಣ ಶುಭ್ರವಾದ ಹತ್ತಿಯಿಟ್ಟು ಬಟ್ಟೆ ಸುತ್ತಿ, ಮೇಲೆ ತೊಗಲಿನ ಚೀಲವನ್ನು ತೊಡಿಸಿ, ಒಣನೆಲದಲ್ಲಿ ಕಟ್ಟತಕ್ಕದ್ದು. ರೋಮದಂಚಿನ ಮೇಲೆ ಕಟ್ಟು ಬಿಗಿಯಾಗಬಾರದು. ನೆನೆದರೆ ಆಗಲೇ ಬದಲಾಯಿಸಬೇಕು.

ಗೊರಸು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟೇ ಬೆಳೆಯುವುದು. ಕುಂಟು ನಿಂತಿತೆಂದು ಮರುದಿನವೇ ಗಾಡಿಗೆ ಹೂಡಬಾರದು.