ಭೂವಿಜ್ಞಾನ ಎಂ.ಎಸ್ಸಿ: ಎಲ್ಲಿ ಓದಲಿ?

ಸಂಸ್ಥೆಯ ಹೆಸರಿಗಿಂತ ಮೊದಲು ಫೀಲ್ಡ್ ವರ್ಕ್ ವಿಚಾರಿಸಿ. ಬೆಟ್ಟದ ಮೇಲೆ ನಿಲ್ಲಿಸಿ ನಕ್ಷೆ ಬರೆಯಿಸುತ್ತಾರೋ, ಕಲ್ಲಿನ ತೆಳುಬಿಲ್ಲೆ ನೋಡುವ ಮೈಕ್ರೊಸ್ಕೋಪು ಪ್ರತಿಯೊಬ್ಬರಿಗೂ ಸಿಗುತ್ತದೋ ಎಂದು ಈಗ ಅಲ್ಲಿ ಓದುತ್ತಿರುವವರನ್ನೇ ಕೇಳಿ. ಅವರ ಮಾತಿಗಿಂತ ನಂಬಿಕೆಯ ಮಾಹಿತಿ ಬೇರೆ ಇಲ್ಲ.

ಬಾಂಬೆ, ಖರಗ್‌ಪುರ, ರೂರ್ಕಿ ಐಐಟಿಗಳಿಗೆ ಸೇರಲು ಜಾಮ್ ಪ್ರವೇಶ ಪರೀಕ್ಷೆಯ ಭೂವಿಜ್ಞಾನ ಪತ್ರಿಕೆ ಬರೆಯಬೇಕು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಹಾಗೆಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯನ್ನು ಎರಡನೇ ದರ್ಜೆಯೆಂದು ಕಾಣಬೇಡಿ. ಸುಮಾರು 300 ಕೋಟಿ ವರ್ಷ ಹಳೆಯ ಸರಗೂರು ಶಿಲೆಗಳು ಅದೇ ಜಿಲ್ಲೆಯಲ್ಲಿವೆ. ಇಂಥ ಪಾಠಶಾಲೆ ಬಹಳ ಕಡೆ ಸಿಗದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸ ನಿಮ್ಮ ಗುರಿಯಾಗಿದ್ದರೆ, ಯುಪಿಎಸ್‌ಸಿ ಅಧಿಸೂಚನೆಯ ಪದವಿಪಟ್ಟಿಯಲ್ಲಿ ನೀವು ಸೇರುವ ಕೋರ್ಸಿನ ಹೆಸರಿದೆಯೇ ಎಂದು ಶುಲ್ಕ ಕಟ್ಟುವ ಮುಂಚೆಯೇ ನೋಡಿಕೊಳ್ಳಿ.