ಹತ್ತು ಬ್ಯಾಂಡಿನ ರೇಡಿಯೊ ಮತ್ತು ಸೆಲ್ಲಿನ ಲೆಕ್ಕ

ಅಗ್ಗದ ಬಹುಬ್ಯಾಂಡ್ ರೇಡಿಯೊವನ್ನು ಕೊಳ್ಳುವವರು ಎರಡು ಬಗೆಯಲ್ಲಿ ಹಣ ತೆರುತ್ತಾರೆ. ಮೊದಲನೆಯದು ಅಂಗಡಿಯಲ್ಲಿ ಒಮ್ಮೆ ಕೊಡುವ ಬೆಲೆ, ಎರಡನೆಯದು ಸೆಲ್ಲುಗಳ ರೂಪದಲ್ಲಿ ತಿಂಗಳು ತಿಂಗಳೂ ಸೋರಿಹೋಗುವ, ಯಾವ ರಸೀದಿಯಲ್ಲಿಯೂ ಕಾಣದ ಬೆಲೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ ಬ್ಯಾಂಡುಗಳ ಸಂಖ್ಯೆಗೂ ಈ ಎರಡಕ್ಕೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ ಎಂಬುದು, ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ ನಡೆಯುವ, ಸುಮಾರು ₹700 ಬೆಲೆಯ ಹತ್ತು ಬ್ಯಾಂಡಿನ ಸೆಟ್ಟೊಂದನ್ನು ಬಿಚ್ಚಿ ಮಲ್ಟಿಮೀಟರ್ ಹಚ್ಚಿದಾಗ ಈ ಅಂಕಣಕಾರನಿಗೆ ಸ್ಪಷ್ಟವಾದ ಸಂಗತಿ.

ಹಿಂಬದಿಯ ಸ್ಕ್ರೂಗಳನ್ನು ತೆಗೆದರೆ ಒಳಗೆ ಕಾಣುವುದು ಅಂಗೈಯಗಲದ ಒಂದೇ ಬೋರ್ಡು. ಅದರ ನಡುವೆ, ಸೋನಿ ಸಂಸ್ಥೆ ದಶಕಗಳ ಹಿಂದೆ ರೂಪಿಸಿದ ಸಿಎಕ್ಸ್‌ಎ 1191 ಎಂಬ ಚಿಪ್ಪಿನ ಚೀನೀ ನಕಲು ಕುಳಿತಿದ್ದು, ನಿಲಯವನ್ನು ಹಿಡಿಯುವುದರಿಂದ ಹಿಡಿದು ಸ್ಪೀಕರನ್ನು ನುಡಿಸುವವರೆಗಿನ ಬಹುಪಾಲು ಕೆಲಸವನ್ನು ಅದೊಂದೇ ನಿರ್ವಹಿಸುತ್ತದೆ. ಶ್ರುತಿಗೊಳಿಸಲು ಗ್ಯಾಂಗ್, ಅಂದರೆ ಗುಂಡಿ ತಿರುಗಿಸಿದಂತೆ ಧಾರಣಶಕ್ತಿ ಬದಲಾಗುವ ಕಂಡೆನ್ಸರ್, ಇದೆ. ಬ್ಯಾಂಡ್ ಬದಲಿಸಲು ಉದ್ದನೆಯ ಜಾರು ಸ್ವಿಚ್ಚಿದೆ. ಆ ಸ್ವಿಚ್ಚಿನ ಸುತ್ತ ತಾಮ್ರದ ತಂತಿಯ ಪುಟ್ಟ ಸುರುಳಿಗಳು ಮೇಣ ಹಚ್ಚಿಸಿಕೊಂಡು ನಿಂತಿವೆ. ಹತ್ತು ಬ್ಯಾಂಡುಗಳಲ್ಲಿ ಒಂದು ಎಫ್‌ಎಂ, ಇನ್ನೊಂದು ಮೀಡಿಯಂ ವೇವ್. ಉಳಿದ ಎಂಟು, ಒಂದೇ ಶಾರ್ಟ್‌ವೇವನ್ನು 49 ಮೀಟರಿನಿಂದ 13 ಮೀಟರಿನವರೆಗೆ, ಅಂದರೆ ಸುಮಾರು 6 ಮೆಗಾಹರ್ಟ್ಸ್‌ನಿಂದ 21 ಮೆಗಾಹರ್ಟ್ಸ್‌ವರೆಗೆ, ಹೋಳು ಮಾಡಿ ಹಂಚಿಟ್ಟ ತುಂಡುಗಳು. ಹೀಗೆ ಹೋಳು ಮಾಡುವುದರಿಂದ ಮುಳ್ಳು ನಿಧಾನವಾಗಿ ಸರಿದು ನಿಲಯವನ್ನು ಹಿಡಿಯುವುದು ಸುಲಭವಾಗುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಹೋಳುಗಳು ಹೆಚ್ಚಿದ ಮಾತ್ರಕ್ಕೆ ಆಕಾಶದಲ್ಲಿ ನಿಲಯಗಳು ಹೆಚ್ಚುವುದಿಲ್ಲ. ವಾಸ್ತವದಲ್ಲಿ ಅವು ಕಡಿಮೆಯಾಗುತ್ತಲೇ ಬಂದಿವೆ: ರೇಡಿಯೊ ನೆದರ್‌ಲ್ಯಾಂಡ್ಸ್ 2012ರಲ್ಲಿ, ರೇಡಿಯೊ ಆಸ್ಟ್ರೇಲಿಯಾ 2017ರಲ್ಲಿ ಶಾರ್ಟ್‌ವೇವ್ ಪ್ರಸಾರವನ್ನು ನಿಲ್ಲಿಸಿದವು, ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ಮುಗಿಯಿತು.

ಹಾಗಿದ್ದರೂ ರಾತ್ರಿಯ ಹೊತ್ತು ಇಂಥ ಸೆಟ್ಟಿನ ಮುಳ್ಳನ್ನು ಸರಿಸಿದರೆ ನಿಲಯಗಳು ತುಂಬಿ ತುಳುಕುವಂತೆ ತೋರುತ್ತದೆ, ಮತ್ತು ಇದರಲ್ಲಿ ಒಂದಂಶ ಭ್ರಮೆ. ಈ ಬಗೆಯ ರೇಡಿಯೊಗಳು ಒಳಬರುವ ಅಲೆಯನ್ನು ತಮ್ಮೊಳಗೇ ಹುಟ್ಟಿಸಿದ ಇನ್ನೊಂದು ಅಲೆಯೊಡನೆ ಬೆರೆಸಿ 455 ಕಿಲೋಹರ್ಟ್ಸ್‌ನ ಮಧ್ಯಂತರ ಆವರ್ತನಕ್ಕೆ ಇಳಿಸಿ, ಅನಂತರ ಅದನ್ನು ಹಿಗ್ಗಿಸುತ್ತವೆ. ಒಳಗಿನ ಅಲೆ ಬೇಕಾದ ನಿಲಯಕ್ಕಿಂತ 455 ಕಿಲೋಹರ್ಟ್ಸ್ ಮೇಲಿರುವುದರಿಂದ, ಅದಕ್ಕಿಂತ ಇನ್ನೂ 455 ಮೇಲಿರುವ ಬೇಡದ ನಿಲಯವೂ ಅದೇ ಬಾಗಿಲಿನಿಂದ ನುಸುಳುತ್ತದೆ. ಹೀಗಾಗಿ 9,700 ಕಿಲೋಹರ್ಟ್ಸ್‌ನ ಪ್ರಬಲ ನಿಲಯವೊಂದು 910 ಕಿಲೋಹರ್ಟ್ಸ್ ಕೆಳಗೆ, 8,790ರಲ್ಲಿ, ಮತ್ತೊಮ್ಮೆ ಕೇಳಿಸುತ್ತದೆ. ಇದಕ್ಕೆ ಬಿಂಬ ಆವರ್ತನ ಎನ್ನುತ್ತಾರೆ. ಎರಡು ಹಂತಗಳಲ್ಲಿ ಇಳಿಸುವ ದುಬಾರಿ ಸೆಟ್ಟುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಮಾರುವವರು ಮುಳ್ಳು ಸರಿಸಿ ‘ನೋಡಿ, ಎಷ್ಟೊಂದು ಸ್ಟೇಷನ್ನು’ ಎಂದಾಗ ಅವುಗಳಲ್ಲಿ ಎಷ್ಟು ಒಂದೇ ನಿಲಯದ ಮರುದರ್ಶನ ಎಂಬುದನ್ನು ಗಮನಿಸುವುದು ಕೊಳ್ಳುವವರ ಹಿತಕ್ಕೆ ಒಳ್ಳೆಯದು.

ಕರ್ನಾಟಕದ ಕೇಳುಗರ ಮಟ್ಟಿಗೆ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಮೀಡಿಯಂ ವೇವಿನಲ್ಲಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765, ಭದ್ರಾವತಿಯ 675 ಇವುಗಳಲ್ಲಿ ತಮ್ಮ ಊರಿಗೆ ದೂರದ್ದಾದ ಒಂದನ್ನು ಹಗಲಿನಲ್ಲಿ ಹಿಡಿದು ನೋಡಿದರೆ ಸೆಟ್ಟಿನ ಯೋಗ್ಯತೆ ತಿಳಿಯುತ್ತದೆ. ರಾತ್ರಿ ಮೀಡಿಯಂ ವೇವ್ ತಾನಾಗಿಯೇ ದೂರ ಹರಿಯುವುದರಿಂದ ಆ ಹೊತ್ತಿನ ಪರೀಕ್ಷೆ ಕಳಪೆ ಸೆಟ್ಟಿಗೂ ಅಂಕ ಕೊಟ್ಟುಬಿಡುತ್ತದೆ. ಇಲ್ಲಿ ಉದ್ದನೆಯ ಏರಿಯಲ್ಲನ್ನು ಎಳೆದು ನಿಲ್ಲಿಸಿ ಪ್ರಯೋಜನವಿಲ್ಲ, ಏಕೆಂದರೆ ಅದು ಎಫ್‌ಎಂ ಮತ್ತು ಶಾರ್ಟ್‌ವೇವಿಗೆ ಮಾತ್ರ. ಮೀಡಿಯಂ ವೇವನ್ನು ಹಿಡಿಯುವುದು ಒಳಗಿರುವ ಫೆರೈಟ್ ರಾಡ್, ಎಂದರೆ ಕಬ್ಬಿಣದ ಆಕ್ಸೈಡಿನಿಂದ ಮಾಡಿದ, ತಂತಿ ಸುತ್ತಿದ ಕಪ್ಪು ಸಲಾಕೆ. ಅದು ಉದ್ದವಿದ್ದಷ್ಟೂ ಗ್ರಹಣಶಕ್ತಿ ಹೆಚ್ಚು. ಬಿಚ್ಚಿದ ಸೆಟ್ಟಿನಲ್ಲಿ ಅದು ಕಿರುಬೆರಳಿನಷ್ಟೇ ಇತ್ತು. ತಯಾರಕರು ಎಂಟು ಹೋಳುಗಳ ಸ್ವಿಚ್ಚಿಗೂ ಸುರುಳಿಗಳಿಗೂ ಹಾಕಿದ ಹಣವನ್ನು ಇಲ್ಲಿ ಉಳಿಸಿಕೊಂಡಿದ್ದರು. ಬಿಚ್ಚಲಾಗದವರು ಸೆಟ್ಟನ್ನು ಮೇಜಿನ ಮೇಲೆ ಸುತ್ತ ತಿರುಗಿಸಿ ನೋಡಬಹುದು: ಧ್ವನಿ ಒಂದು ದಿಕ್ಕಿನಲ್ಲಿ ತುಂಬಿ ಬಂದು, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಅಡಗಿದರೆ ರಾಡ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಎಲ್‌ಇಡಿ ಬಲ್ಬು ಮತ್ತು ಮೊಬೈಲ್ ಚಾರ್ಜರುಗಳು ಮೀಡಿಯಂ ವೇವಿಗೆ ಗರಗರ ಸದ್ದು ಬೆರೆಸುವುದರಿಂದ, ದೋಷ ಸೆಟ್ಟಿನದೆಂದು ತೀರ್ಮಾನಿಸುವ ಮುನ್ನ ಅವುಗಳನ್ನು ಆರಿಸಿ ನೋಡುವುದು ನ್ಯಾಯ.

ಸಂಖ್ಯೆಗಳು ಮೂಡುವ ಡಿಜಿಟಲ್ ಸೆಟ್ಟುಗಳಿಗೆ ಇನ್ನೊಂದು ಪರೀಕ್ಷೆ ಉಂಟು. ಭಾರತದಲ್ಲಿ ಮೀಡಿಯಂ ವೇವ್ ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಅಮೆರಿಕದಲ್ಲಿ 10. ಅಲ್ಲಿಯ ಹಂತಕ್ಕೆ ಹೊಂದಿಸಿದ ಸೆಟ್ಟು 610ರಿಂದ ನೇರವಾಗಿ 620ಕ್ಕೆ ಜಿಗಿಯುವುದರಿಂದ ಬೆಂಗಳೂರಿನ 612 ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಹಂತ ಬದಲಿಸುವ ಸೌಲಭ್ಯವಿದೆಯೇ ಎಂದು ಹಣ ಕೊಡುವ ಮೊದಲೇ ನೋಡಬೇಕು.

ಇನ್ನು ಸೆಲ್ಲಿನ ಲೆಕ್ಕ. ಮಲ್ಟಿಮೀಟರನ್ನು ಸೆಲ್ಲಿನ ಸಾಲಿನಲ್ಲಿ ಸೇರಿಸಿ ಅಳೆದಾಗ, ಕೋಣೆಯೊಳಗೆ ಹಿತವಾಗಿ ಕೇಳುವಷ್ಟು ಧ್ವನಿಯಲ್ಲಿ ಈ ಸೆಟ್ಟು ಸುಮಾರು 40 ಮಿಲಿಆಂಪಿಯರ್ ವಿದ್ಯುತ್ತನ್ನು ಎಳೆಯುತ್ತಿತ್ತು. ಧ್ವನಿ ಏರಿಸಿದಂತೆ ಅದು ಬೇಗ ಏರುತ್ತಿತ್ತು. ಸಾಧಾರಣ ಪೆನ್ಸಿಲ್ ಸೆಲ್ಲಿನ ಸಾಮರ್ಥ್ಯವನ್ನು 600 ಮಿಲಿಆಂಪ್-ಗಂಟೆ ಎಂದು ಹಿಡಿದರೆ ಒಂದು ಜೋಡಿ 15 ಗಂಟೆ ಬಾಳುತ್ತದೆ. ದಿನಕ್ಕೆ ಎರಡು ಗಂಟೆ ಕೇಳುವ ಮನೆಗೆ ತಿಂಗಳಿಗೆ ನಾಲ್ಕು ಜೋಡಿ ಬೇಕು. ಸೆಲ್ಲಿಗೆ ₹12ರಂತೆ ₹96, ವರ್ಷಕ್ಕೆ ₹1,152. ಹೀಗೆ ₹700ರ ರೇಡಿಯೊ ತನ್ನ ಬೆಲೆಯಷ್ಟು ಹಣವನ್ನು ಎಂಟು ತಿಂಗಳೊಳಗೆ ಸೆಲ್ಲಿನಲ್ಲಿಯೇ ನುಂಗುತ್ತದೆ. ಅಷ್ಟೇ ವಿದ್ಯುತ್ತು ಎಳೆಯುವ, ಟಾರ್ಚಿಗೆ ಹಾಕುವ ದೊಡ್ಡ ಸೆಲ್ಲಿನ ಸೆಟ್ಟಾಗಿದ್ದರೆ, 4,000 ಮಿಲಿಆಂಪ್-ಗಂಟೆಯ ಲೆಕ್ಕದಲ್ಲಿ, ₹50ರ ಜೋಡಿಯೊಂದು 100 ಗಂಟೆ ನಡೆದು ಗಂಟೆಯ ಖರ್ಚು ₹1.60ರಿಂದ 50 ಪೈಸೆಗೆ ಇಳಿಯುತ್ತಿತ್ತು. ರೀಚಾರ್ಜ್ ಮಾಡಬಹುದಾದ 2,000 ಮಿಲಿಆಂಪ್-ಗಂಟೆಯ ಪೆನ್ಸಿಲ್ ಸೆಲ್ಲುಗಳನ್ನು ಬಳಸಿದರೆ ಒಂದು ಚಾರ್ಜಿಗೆ 50 ಗಂಟೆ ಸಿಗುತ್ತದೆ. ತಗಲುವ ಕರೆಂಟು ಪೈಸೆಗಳಲ್ಲಿ ಮುಗಿಯುತ್ತದೆ. ಇವು ಸೆಲ್ಲಿಗೆ 1.5ರ ಬದಲು 1.2 ವೋಲ್ಟ್ ಕೊಡುತ್ತವಾದರೂ, ಈ ಚಿಪ್ಪು 2.4 ವೋಲ್ಟಿನಲ್ಲಿಯೂ ತಕರಾರಿಲ್ಲದೆ ನಡೆಯುತ್ತದೆ. ಚಾರ್ಜರೂ ಸೇರಿ ಇದಕ್ಕೆ ₹800 ಹಾಕಿದವರಿಗೆ ಮೊದಲ ವರ್ಷದಲ್ಲಿಯೇ ಹಣ ಮರಳುತ್ತದೆ.

ಸೆಲ್ಲಿನ ಖರ್ಚು ಉಳಿಸಲು ಸೆಟ್ಟಿನೊಳಗೇ ಬರುವ ಕರೆಂಟಿನ ವೈರನ್ನು ಬಳಸುವವರು ಒಂದು ಅಪಾಯವನ್ನು ತಿಳಿದಿರಬೇಕು. ಅಗ್ಗದ ಕೆಲವು ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಕೆಪಾಸಿಟರೊಂದರ ಮೂಲಕ ವೋಲ್ಟೇಜನ್ನು ಇಳಿಸಿರುತ್ತಾರೆ, ಆದ್ದರಿಂದ ಮನೆಯ 230 ವೋಲ್ಟಿಗೂ ಏರಿಯಲ್ಲಿಗೂ ನಡುವೆ ನಿಜವಾದ ಪ್ರತ್ಯೇಕತೆ ಇರುವುದಿಲ್ಲ. ಅಂಥ ಸೆಟ್ಟನ್ನು ಒದ್ದೆ ಕೈಯಲ್ಲಿ ಮುಟ್ಟಿದವರಿಗೆ ಉಳಿತಾಯದ ಮಾತು ಅರ್ಥಹೀನ. ಪ್ಲಗ್ಗನ್ನು ಸಾಕೆಟ್ಟಿಗೆ ಹಾಕದೆ, ಅದರ ಪಿನ್ನುಗಳಿಗೂ ಸೆಲ್ಲಿನ ಸ್ಪ್ರಿಂಗಿಗೂ ನಡುವೆ ಮಲ್ಟಿಮೀಟರಿನಿಂದ ರೋಧ ಅಳೆದಾಗ ಯಾವುದೇ ಸಂಪರ್ಕ ತೋರಿದರೆ ಆ ವೈರನ್ನು ಕತ್ತರಿಸಿಹಾಕುವುದೇ ಸರಿ.

ಎಫ್‌ಎಂ ಒಂದನ್ನೇ ಕೇಳುವ ನಗರವಾಸಿಗೆ ಹತ್ತು ಬ್ಯಾಂಡು ಬರೀ ಅಲಂಕಾರ. ದೂರದ ದೇಶಗಳ ಪ್ರಸಾರವನ್ನು ಹುಡುಕುವ ಹವ್ಯಾಸಿಗೆ ₹700ರ ಸೆಟ್ಟು ಬಿಂಬಗಳ ಕಾಟದಿಂದ ಬೇಗ ಬೇಸರ ತರುತ್ತದೆ; ಅವರು ಇನ್ನಷ್ಟು ಹಣ ಕೂಡಿಟ್ಟು ಎರಡು ಹಂತದ ಸೆಟ್ಟನ್ನೇ ಕೊಳ್ಳುವುದು ಮೇಲು. ಹಳ್ಳಿಯ ಮನೆಯಲ್ಲಿ ಆಕಾಶವಾಣಿಯ ವಾರ್ತೆ, ಕೃಷಿರಂಗ ಕೇಳುವವರಿಗಂತೂ, ಅದೇ ಬೆಲೆಗೆ ಸಿಗುವ, ಉದ್ದ ಫೆರೈಟ್ ರಾಡ್ ಮತ್ತು ದೊಡ್ಡ ಸೆಲ್ಲಿನ ಮೂರು ಬ್ಯಾಂಡಿನ ಸೆಟ್ಟೇ ಹೆಚ್ಚು ಲಾಭದ ಖರೀದಿ.