ಆಂತರಿಕ ಅಂಕ: ಪಾಲಕರು ಯಾವಾಗ ಕೇಳಬೇಕು, ಹೇಗೆ ಕೇಳಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಕಬ್ಬಿನ ಕಟಾವು ಶುರುವಾಯಿತೆಂದರೆ ತಂದೆ-ತಾಯಿಗೆ ಬಿಡುವಿಲ್ಲ. ಪಾಲಕರ ಸಭೆಯ ಚೀಟಿ ಮಗಳ ಪಾಟಿಚೀಲದಲ್ಲೇ ಉಳಿಯುತ್ತದೆ. ಹತ್ತನೇ ತರಗತಿಯ ಮಕ್ಕಳ ಆಂತರಿಕ ಅಂಕ ಗಟ್ಟಿಯಾಗುವುದೂ ಆ ತಿಂಗಳುಗಳಲ್ಲೇ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 125 ಶಾಲೆಯ ಕೈಯಲ್ಲಿವೆ: ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಮಕ್ಕಳ ಬಾಯಲ್ಲಿ ಎಫ್‌ಎ, ಇದಕ್ಕೆ ಆಧಾರ. ಮುಖ್ಯ ಪರೀಕ್ಷೆಗೆ ಮುಂಚೆಯೇ ಈ ಅಂಕಗಳು ಶಾಲೆಯಿಂದ ಮಂಡಳಿಗೆ ಆನ್‌ಲೈನ್‌ನಲ್ಲಿ ಹೋಗಿಬಿಡುತ್ತವೆ. ಫಲಿತಾಂಶದ ನಂತರ ಮರುಮೌಲ್ಯಮಾಪನಕ್ಕೆ ಹಾಕಿದರೂ ಮಂಡಳಿ ನೋಡುವುದು ಬರವಣಿಗೆಯ ಉತ್ತರಪತ್ರಿಕೆಯನ್ನು ಮಾತ್ರ. ಆದ್ದರಿಂದ ಪ್ರತಿ ಎಫ್‌ಎ ಮುಗಿದ ಕೂಡಲೇ ಅಂಕ ಕೇಳಿ. ಏಪ್ರಿಲ್‌ನಲ್ಲಿ ಕೇಳಿದರೆ ತಿದ್ದಲು ಏನೂ ಉಳಿದಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಹೈಸ್ಕೂಲು ಎಂದರೆ 8, 9, 10. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. ಒಂದೇ ಶಾಲೆಯಲ್ಲಿ, ಒಂದೇ ಶಿಕ್ಷಕರ ಬಳಿ ಕಲಿಯುವ ಅಣ್ಣ-ತಂಗಿಯರಿಗೆ ಬೇರೆ ಬೇರೆ ಕಾನೂನು! ಹದಿನಾಲ್ಕು ದಾಟಿದ ಮಗುವಿಗೂ ಇದೇ ರಕ್ಷಣೆ ಸಿಗಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಅದು ಆಗುವವರೆಗೆ ಅರ್ಜಿಯನ್ನು ತರಗತಿ ನೋಡಿಕೊಂಡೇ ಬರೆಯಬೇಕು.

ಎಂಟನೇ ತರಗತಿಯ ಪಾಲಕರಿಗೆ ಆಧಾರ ಗಟ್ಟಿಯಾಗಿದೆ. ಕಾಯ್ದೆಯ 24ನೇ ಕಲಂ ಪ್ರಕಾರ ಪಾಲಕರ ಸಭೆಯನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ, ಕಲಿಕೆಯ ಸಾಮರ್ಥ್ಯ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಹಿಂದುಳಿದ ಮಗುವಿಗೆ ಹೆಚ್ಚುವರಿಯಾಗಿ ಕಲಿಸುವುದೂ ಅದರಲ್ಲೇ ಸೇರಿದೆ. 29ನೇ ಕಲಂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಮಾತನ್ನಾಡುತ್ತದೆ. ಇಷ್ಟೇ ದಿನಗಳೊಳಗೆ ಅಂಕ ಹೇಳಬೇಕೆಂದು ಕಾಯ್ದೆ ಗಡುವು ಹಾಕಿಲ್ಲ. ಆದರೂ ಮೌಲ್ಯಮಾಪನ ನಿರಂತರವಾಗಿರಬೇಕು ಎಂದ ಮೇಲೆ ಮೊದಲ ಎಫ್‌ಎ ಪತ್ರಿಕೆ ಮೂರನೆಯದರ ಹೊತ್ತಿಗೆ ಕೈಸೇರುವುದನ್ನು ಒಪ್ಪಲಾಗದು. ಅನುದಾನರಹಿತ ಖಾಸಗಿ ಶಾಲೆಗೂ ಇದು ಅನ್ವಯ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮಾತ್ರ ಸುಪ್ರೀಂ ಕೋರ್ಟ್ 2014ರಲ್ಲಿ ಕಾಯ್ದೆಯಿಂದ ಹೊರಗಿಟ್ಟಿದೆ. 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ವಿಚಾರಿಸಿ ತೀರ್ಮಾನ ಹೇಳಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಒಂಬತ್ತು, ಹತ್ತನೇ ತರಗತಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ನೆರವಾಗುತ್ತದೆ. ತಿದ್ದಿದ ಉತ್ತರಪತ್ರಿಕೆಯೂ ‘ಮಾಹಿತಿ’ಯೇ, ಪರೀಕ್ಷೆ ಬರೆದವರಿಗೆ ಅದನ್ನು ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ 2011ರ ಆಗಸ್ಟ್‌ನಲ್ಲಿ ಹೇಳಿದೆ. ಸರ್ಕಾರಿ ಹೈಸ್ಕೂಲಾಗಲಿ, ಸರ್ಕಾರದ ಗಣನೀಯ ಅನುದಾನದಲ್ಲಿ ನಡೆಯುವ ಶಾಲೆಯಾಗಲಿ, 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ಒಂದೇ ವಿಷಯ, 150 ಪದಗಳ ಮಿತಿ. “ನನ್ನ ಮಗಳ ಎರಡನೇ ಎಫ್‌ಎಯ ತಿದ್ದಿದ ಗಣಿತ ಉತ್ತರಪತ್ರಿಕೆ ಹಾಗೂ ಅಂಕವಹಿಯಲ್ಲಿ ಅವಳ ಹೆಸರಿನ ಮುಂದಿರುವ ನಮೂದಿನ ನಕಲು ಬೇಕು” ಎಂದರೆ ಸಾಕು. ಉಳಿದ ಮಕ್ಕಳ ಅಂಕ ಕೇಳಬೇಡಿ, ಅದು ಅವರ ಖಾಸಗಿ ಸಂಗತಿ. 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ರಾಜ್ಯ ಮಾಹಿತಿ ಆಯೋಗ.

ಫಲಿತಾಂಶ ತಡವಾದದ್ದಕ್ಕೆಲ್ಲ ಶಾಲೆಯೇ ಕಾರಣ ಎನ್ನಲಾಗದು. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗಳ ಮಂಡಳಿ ಪರೀಕ್ಷೆಯ ವಿವಾದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಶಿಕ್ಷಕರು ಬಯಸಿದ್ದರೂ ಪಾಲಕರಿಗೆ ಅಂಕ ಹೇಳುವಂತಿರಲಿಲ್ಲ. ಹುದ್ದೆ ಖಾಲಿಯಿದ್ದು ಒಬ್ಬರೇ ಎರಡು ವಿಷಯ ಕಲಿಸುವ ಶಾಲೆಗಳೂ ಇವೆ. ಹಾಗಾಗಿ ಮೊದಲು ವಿಷಯ ಶಿಕ್ಷಕರನ್ನು ಕಂಡು ಮಾತಾಡಿ. ಎರಡನೇ ಸಲ ಹೋಗುವಾಗ ಮುಖ್ಯಶಿಕ್ಷಕರ ಹೆಸರಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಶಾಲೆಯ ಸಿಕ್ಕಾ, ಸಹಿ, ತಾರೀಖು ಹಾಕಿಸಿಕೊಳ್ಳಿ. ಈ ಸ್ವೀಕೃತಿ ಇಲ್ಲದಿದ್ದರೆ ಮುಂದಿನ ಕಚೇರಿಯಲ್ಲಿ ನೀವು ಕೇಳಿದ್ದಕ್ಕೆ ಪುರಾವೆಯೇ ಇರುವುದಿಲ್ಲ. ಸಭೆಯನ್ನು ಸಂತೆಯ ದಿನವೋ ಅಮಾವಾಸ್ಯೆಗೋ ಇಡಿ ಎಂದು ಎಸ್‌ಡಿಎಂಸಿಯ ಮೂಲಕ ಕೇಳಲೂಬಹುದು. ಪರೀಕ್ಷೆಯ ನಂತರದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೆ ಮನೆಯಿಂದ ಒಬ್ಬರಾದರೂ ಹೋಗಿಬರಬೇಕು. ಅಜ್ಜಿ ಹೋದರೂ ನಡೆಯುತ್ತದೆ.

ಶಾಲೆಯಲ್ಲಿ ಬಗೆಹರಿಯದಿದ್ದರೆ ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಪ್ರತ್ಯೇಕ ಬಿಇಓ ಕಚೇರಿಗಳಿವೆ. ಅವರ ಮೇಲಿನ ಉಪನಿರ್ದೇಶಕರು ಇರುವುದು ಚಿಕ್ಕೋಡಿಯಲ್ಲಿ. ಮೂರೂ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದರಿಂದ ಈ ದೂರಿಗಾಗಿ ಬೆಳಗಾವಿಗೆ ಅಲೆಯುವುದು ಬೇಡ. ಅರ್ಜಿ ಬರೆಯಲು ಬಾರದವರಿಗೆ ಕಾನೂನು ಸೇವಾ ಸಮಿತಿಯ ನೆರವಿದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಅದು ಉಚಿತ. ತಾಯಿಯ ಹೆಸರಿನಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.